ಕರುಳಿನ ನಡಿಗೆ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ಕನ್ನಡದ ಅಧ್ಯಾಪಕನಾದ ನಾನು ತರಗತಿಯಲ್ಲಿ ಎಷ್ಟು ಸಲ ವಿಸ್ತರಿಸಿ ಹೇಳಿದ್ದೇನೆಯೋ ಲೆಕ್ಕವಿಲ್ಲ. ಅದರ ಉತ್ತರಾರ್ಧದಲ್ಲಿ ನನಗೆ ಇಂದಿಗೂ ನಂಬಿಕೆಯುಂಟು. ಪೂರ್ವಾರ್ಧದ ಮೇಲಿನ ನಂಬಿಕೆ ಮಾತ್ರ ಒಂಬತ್ತು ವರ್ಷಗಳ ಹಿಂದೆ ಮುದ್ದೇಬಿಹಾಳದಲ್ಲಿ ಸಡಿಲವಾಯಿತು. ಅಲ್ಲಿ ನನ್ನ ತಂಗಿಗೆ ಗಂಡುಕೂಸು ಹುಟ್ಟಿತ್ತು. ಮೂರು ದಿನದ ಕೂಸು. ತಾಯಿಯ ಹಾಲಲ್ಲದೆ ಬೇರೆ ಊಟವನ್ನೇ ಕಾಣದ ಜೀವ. ಊಟ ಬಲ್ಲೆನೆಂದು ಅದು ಹೇಳುವಂತಿಲ್ಲ, ತಪ್ಪು ಉಂಡಿತೆಂದು ನಾವು ಹೇಳುವಂತಿಲ್ಲ. ಆದರೂ ಅದರ ಹೊಟ್ಟೆ ಮದ್ದಲೆಯಂತೆ ಬಿಗಿದಿತ್ತು. ಹುಟ್ಟಿದ ಮೇಲೆ ಒಂದು ಸಲವೂ ಹೊರಗೆ ಹೋಗಿರಲಿಲ್ಲ. ಕುಡಿದ ಹಾಲನ್ನು ಹಸಿರು ಪಿತ್ತದೊಡನೆ ಕಕ್ಕುತ್ತಿತ್ತು.

ಆ ಕೂಸಿನ ಕಥೆಯನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಎತ್ತಿನ ಕಥೆಯನ್ನು ಓದುಗರು ಕೇಳಬೇಕು. ಏಕೆಂದರೆ ಕೂಸು ಬದುಕಿದ್ದರ ಹಿಂದೆ ಪಶುಗಳ ಒಂದು ದೊಡ್ಡ ಸಾಲೇ ನಿಂತಿದೆ. ನನಗೆ ಪರಿಚಯವಾದ ಆ ಸಾಲಿನ ಮೊದಲ ಪಶು ನಮ್ಮ ಮನೆಯದೇ.

ನಮ್ಮ ಮನೆತನದ ಬೇರು ಸಿಂದಗಿ ತಾಲೂಕಿನ ಒಂದು ಹಳ್ಳಿಯಲ್ಲಿ. ನಾನು ಪಾಠ ಹೇಳುವುದು ಇಂಡಿಯಲ್ಲಿ. ತಂಗಿಯನ್ನು ಕೊಟ್ಟದ್ದು ಮುದ್ದೇಬಿಹಾಳಕ್ಕೆ. ಹರಕೆ ಹೊತ್ತು ಹೋಗುವುದು ಬಸವನ ಬಾಗೇವಾಡಿಗೆ. ಈ ನಾಲ್ಕು ತಾಲೂಕುಗಳಲ್ಲಿ ಎಲ್ಲಿ ನಿಂತು ನೋಡಿದರೂ ಎರಡು ಸಂಪತ್ತುಗಳೇ ಮೊದಲು ಕಣ್ಣಿಗೆ ಬೀಳುತ್ತಿದ್ದ ಕಾಲವೊಂದಿತ್ತು: ಎರೆಹೊಲದ ಬಿಳಿಜೋಳ ಮತ್ತು ಖಿಲಾರಿ ಎತ್ತು. ನಮ್ಮಜ್ಜನಿಗೆ ಅಂಥ ಒಂದು ಜೋಡಿಯಿತ್ತು. ನಾನಿನ್ನೂ ಚಿಕ್ಕವನಾಗಿದ್ದಾಗ ಒಂದು ಸಂಜೆ ಅದರಲ್ಲೊಂದು ಕಣ್ಣಿ ಬಿಚ್ಚಿಕೊಂಡು ಯಾರದೋ ಬಾವಿಹೊಲಕ್ಕೆ ನುಗ್ಗಿ ಹಸಿ ಕುದುರೆಮೆಂತೆಯನ್ನು ಹೊಟ್ಟೆ ಬಿರಿಯ ಮೇದು ಬಂದಿತು. ರಾತ್ರಿಯ ಹೊತ್ತಿಗೆ ಅದರ ಎಡಪಕ್ಕೆ ಬೆನ್ನಿನೆತ್ತರಕ್ಕೆ ಉಬ್ಬಿ ನಿಂತಿತು, ಮೆಲುಕು ನಿಂತಿತು, ಉಸಿರು ಮೇಲುಮೇಲಕ್ಕೆ ಬರತೊಡಗಿತು.

ಅಜ್ಜ ಗಾಬರಿಯಾಗಲಿಲ್ಲ. ಬೇವಿನ ಕೋಲೊಂದನ್ನು ಕಡಿವಾಣದಂತೆ ಎತ್ತಿನ ಬಾಯಿಗೆ ಅಡ್ಡಲಾಗಿ ಕಟ್ಟಿದ. ಅದನ್ನು ಜಗಿಯುತ್ತ ಎತ್ತು ಬಾಯಿ ಆಡಿಸಲಿ, ತೇಗು ಬರಲಿ ಎಂದು. ಗೊಟ್ಟದಲ್ಲಿ ಕುಸುಬೆ ಎಣ್ಣೆ ಹೊಯ್ದ. ಮುಂಗಾಲು ಎತ್ತರದಲ್ಲಿರುವಂತೆ ದಿಬ್ಬದ ಮೇಲೆ ನಿಲ್ಲಿಸಿದ. ಆಮೇಲೆ ಅದರ ಎಡಪಕ್ಕೆಗೆ ಕಿವಿಯಿಟ್ಟು ನಿಂತ. ನಾನು ಅಳುತ್ತಿದ್ದೆ. "ಅಳಬ್ಯಾಡ ತಮ್ಮಾ, ಹೊಟ್ಟಿ ಬಾತದ ಖರೆ, ಒಳಗ ಇನ್ನೂ ನಡದದ" ಎಂದ. ನನ್ನ ಕಿವಿಯನ್ನೂ ಹಿಡಿದು ಅಲ್ಲಿಡಿಸಿದ. ದೂರದಲ್ಲಿ ಗುಡುಗು ಹೊರಳಿದಂಥ ಸದ್ದು. ನಿಂತು, ಮತ್ತೆ ಸದ್ದು. ಬೆಳಗಿನ ಜಾವ ಎತ್ತು ದೊಡ್ಡದೊಂದು ತೇಗು ತೇಗಿತು. ಅಜ್ಜ ಆಗ ಎಲೆಯಡಿಕೆ ಚೀಲ ಬಿಚ್ಚಿದ.

'ಒಳಗ ನಡದದ' ಎಂಬ ಅಜ್ಜನ ಮಾತಿನಲ್ಲಿ ಒಂದು ಶಾಸ್ತ್ರವಿದೆ ಎಂದು ತಿಳಿಯಲು ನನಗೆ ಮೂವತ್ತು ವರ್ಷ ಬೇಕಾಯಿತು. ಹೊಟ್ಟೆಯ ಕೆಲಸವೆಂದರೆ ಪಚನ ಎಂದಷ್ಟೇ ನಾವು ತಿಳಿದಿರುತ್ತೇವೆ. ಅದು ಅರ್ಧ ಮಾತ್ರ. ಉಳಿದರ್ಧ ಚಲನ. ನುಂಗಿದ ತುತ್ತು ಅನ್ನನಾಳದಿಂದ ಗುದದವರೆಗೆ ನಡೆದು ಹೋಗಬೇಕು. ಅದಕ್ಕೆ ತನ್ನ ಕಾಲಿಲ್ಲ. ಕರುಳಿನ ಸ್ನಾಯುಗಳು ಹಿಂದಿನಿಂದ ಹಿಸುಕಿ, ಮುಂದೆ ದಾರಿ ಬಿಟ್ಟು, ಅಲೆಯಲೆಯಾಗಿ ಅದನ್ನು ದಾಟಿಸಬೇಕು. ದನದ ದೊಡ್ಡ ಹೊಟ್ಟೆಯಂತೂ ನಿಮಿಷಕ್ಕೆ ಒಂದೆರಡು ಸಲ ಹೊರಳುತ್ತಿರಬೇಕು. ಇಲ್ಲವಾದರೆ ಮೆಲುಕೂ ಇಲ್ಲ, ತೇಗೂ ಇಲ್ಲ. ಪಚನದಲ್ಲಿ ದೋಷವಿಲ್ಲದಿದ್ದರೂ ಈ ನಡಿಗೆ ತಪ್ಪಿದರೆ ಮನುಷ್ಯನೂ ಉಳಿಯಲಾರ, ಎತ್ತೂ ಉಳಿಯಲಾರದು.

ನಮ್ಮ ಹಿಂದಿನವರು ಇದನ್ನು ಅರಿಯದವರಲ್ಲ. ಕ್ರಿ.ಶ. ೧೧೨೫ರ ಸುಮಾರಿಗೆ ಚಾಲುಕ್ಯ ರಾಜವಂಶದ ಕೀರ್ತಿವರ್ಮನು 'ಗೋವೈದ್ಯ'ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಕನ್ನಡದಲ್ಲಿ ದೊರೆತಿರುವ ಪಶುವೈದ್ಯ ಗ್ರಂಥಗಳಲ್ಲಿ ಇದೇ ಮೊದಲನೆಯದು. ನಮ್ಮ ಸೀಮೆಗೆ ಇದು ದೂರದ ಸಂಗತಿಯಲ್ಲ. ಅಂದು ಈ ಭಾಗಕ್ಕೆ ತರ್ದವಾಡಿ ಸಾಸಿರವೆಂದು ಹೆಸರು. ಕಲ್ಯಾಣ ಚಾಲುಕ್ಯರ ರಾಜ್ಯವನ್ನು ಕಟ್ಟಿದ ತೈಲಪನು ಮೊದಲು ರಾಷ್ಟ್ರಕೂಟರ ಸಾಮಂತನಾಗಿ ಆಳಿದ್ದು ಈ ನಾಡನ್ನೇ. ರಾಜಕುಮಾರನೊಬ್ಬನು ಕಾವ್ಯವನ್ನು ಬಿಟ್ಟು ದನದ ಬೇನೆಯನ್ನು ಕುರಿತು ಬರೆದನಲ್ಲ ಎಂದು ವಿದ್ಯಾರ್ಥಿಗಳು ನಗುವುದುಂಟು. ರಾಜ್ಯದ ಬೊಕ್ಕಸ ತುಂಬುತ್ತಿದ್ದದ್ದು ಎತ್ತಿನ ಹೆಗಲಿನಿಂದ ಎಂಬುದನ್ನು ನೆನಪಿಸಿದರೆ ನಗೆ ನಿಲ್ಲುತ್ತದೆ.

ಇದಕ್ಕೂ ಹಿಂದಿನ ಸಂಸ್ಕೃತದ ಚರಕಸಂಹಿತೆಯಲ್ಲಿ ಇನ್ನೂ ಸ್ವಾರಸ್ಯವಾದ ಒಂದು ಪ್ರಕರಣವಿದೆ. ಅದರ ಸಿದ್ಧಿಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಬಸ್ತಿಯ, ಅಂದರೆ ಗುದದ್ವಾರದಿಂದ ಔಷಧ ಕೊಡುವ ಚಿಕಿತ್ಸೆಯ ವಿಚಾರ ಬರುತ್ತದೆ. ಅಲ್ಲಿ ಆನೆ, ಒಂಟೆ, ಹಸು, ಕುದುರೆ, ಕುರಿ ಮೊದಲಾದ ಪ್ರಾಣಿಗಳಿಗೆ ಬಸ್ತಿಯನ್ನು ಹೇಗೆ ಕೊಡಬೇಕೆಂಬುದು ನಿರೂಪಿತವಾಗಿದೆ. ಅದೇ ಅಧ್ಯಾಯದಲ್ಲಿ, ಯಾವಾಗಲೂ ರೋಗಿಗಳಾಗಿಯೇ ಇರುವ ಜನ ಯಾರು ಎಂಬ ಪ್ರಶ್ನೆಯೂ ಏಳುತ್ತದೆ. ವೇದ ಓದಿದ ಶ್ರೋತ್ರಿಯರು, ರಾಜಸೇವಕರು, ವೇಶ್ಯೆಯರು, ವ್ಯಾಪಾರಿಗಳು ಎಂಬ ನಾಲ್ಕು ವರ್ಗಗಳನ್ನು ಗುರು ಎಣಿಸುತ್ತಾನೆ. ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ಮಲಮೂತ್ರಗಳ ಒತ್ತಡವನ್ನು ತಡೆದುಕೊಳ್ಳುತ್ತಾರೆ, ಸದಾ ಚಿಂತೆಯಲ್ಲಿರುತ್ತಾರೆ ಎಂಬುದು ಕಾರಣ. ಶ್ರೋತ್ರಿಯರ ಜಾಗದಲ್ಲಿ ನನ್ನಂಥ ಅಧ್ಯಾಪಕರನ್ನೂ ರಾಜಸೇವಕರ ಜಾಗದಲ್ಲಿ ಕಚೇರಿಯ ನೌಕರರನ್ನೂ ಇಟ್ಟು ನೋಡಿದರೆ, ಇಂದು ಬೆಳಿಗ್ಗೆ ಈ ಪತ್ರಿಕೆಯನ್ನು ಓದುತ್ತಿರುವವರಲ್ಲಿ ಅರ್ಧ ಜನ ಆ ಅಧ್ಯಾಯದೊಳಗೆ ಬರುತ್ತಾರೆ!

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಆನೆಯ ಬಸ್ತಿ ಆನೆಗಾಗಿಯೇ ಇತ್ತು. ಗೋವೈದ್ಯ ಗೋವಿಗಾಗಿಯೇ ಇತ್ತು. ಮನುಷ್ಯನಿಗೆ ಗೊತ್ತಿದ್ದ ಉಪಚಾರ ಪಶುವಿನ ಕಡೆಗೆ ಹರಿಯುತ್ತಿತ್ತು. ಪಶುವಿನ ಹೊಟ್ಟೆಯಿಂದ ಮನುಷ್ಯನ ಹೊಟ್ಟೆಯ ಗುಟ್ಟನ್ನು ತಿಳಿಯಬೇಕೆಂಬ ಹಾದಿ, ಈ ನಡಿಗೆಯ ಮಟ್ಟಿಗೆ, ವಿಶೇಷವಾಗಿ ತೆರೆದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ, ನಮ್ಮಿಂದ ಬಹುದೂರದ ನಗರಗಳಲ್ಲಿ.

ಕರುಳಿನ ಗೋಡೆಯಲ್ಲಿ, ಸ್ನಾಯುವಿನ ಎರಡು ಪದರಗಳ ನಡುವೆ ನರಗಳ ಒಂದು ಬಲೆಯಿದೆಯೆಂದು ಜರ್ಮನ್ ವೈದ್ಯ ಆವರ್‌ಬಾಖ್ ೧೮೬೨ರಲ್ಲಿ ತೋರಿಸಿದ್ದನು. ಆ ಬಲೆ ಏನು ಮಾಡುತ್ತದೆ? ೧೮೯೯ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ವಿಜ್ಞಾನಿಗಳು ನಾಯಿಗಳ ಮೇಲೆ ಪ್ರಯೋಗ ಮಾಡಿ ಉತ್ತರ ಹೇಳಿದರು. ಅರಿವಳಿಕೆ ಕೊಟ್ಟ ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿದ ಮೇಲೂ, ಒಳಗೆ ಒಂದು ಉಂಡೆಯನ್ನಿಟ್ಟರೆ ಅದರ ಹಿಂದಿನ ಭಾಗ ಬಿಗಿಯುತ್ತದೆ, ಮುಂದಿನ ಭಾಗ ಸಡಿಲಿಸುತ್ತದೆ. ಮಿದುಳಿನ ಅಪ್ಪಣೆಗೆ ಕಾಯುವುದಿಲ್ಲ. ಇದನ್ನು ಅವರು ಕರುಳಿನ ನಿಯಮವೆಂದು ಕರೆದರು. ಊರಿನ ವ್ಯವಹಾರಕ್ಕೆಲ್ಲ ರಾಜಧಾನಿಯ ಅಪ್ಪಣೆ ಬೇಕಿಲ್ಲ, ಗ್ರಾಮದ ಚಾವಡಿಯಲ್ಲೇ ತೀರ್ಮಾನವಾಗುತ್ತದೆ ಎಂಬಂತೆ.

ಅದೇ ಕಾಲದಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ವಾಲ್ಟರ್ ಕ್ಯಾನನ್ ಎಂಬ ವೈದ್ಯ ವಿದ್ಯಾರ್ಥಿಯಿದ್ದನು. ಕ್ಷ-ಕಿರಣ ಕಂಡುಬಂದದ್ದು ೧೮೯೫ರಲ್ಲಿ. ಮರುವರ್ಷವೇ ಈತ ಅದನ್ನು ಹೊಟ್ಟೆಯ ಕಡೆಗೆ ತಿರುಗಿಸಿದನು. ಕಿರಣಕ್ಕೆ ಅಡ್ಡವಾಗುವ ಬಿಸ್ಮತ್ ಲವಣವನ್ನು ಆಹಾರದಲ್ಲಿ ಬೆರೆಸಿ ಬೆಕ್ಕುಗಳಿಗೆ ತಿನ್ನಿಸಿ, ಜಠರದ ಅಲೆಗಳನ್ನು ಪರದೆಯ ಮೇಲೆ ಕಂಡನು. ಹೊಟ್ಟೆಯನ್ನು ಕೊಯ್ಯದೆಯೇ ಒಳಗಿನ ನಡಿಗೆಯನ್ನು ನೋಡುವುದು ಹೀಗೆ ಸಾಧ್ಯವಾಯಿತು. ನೋಡುತ್ತಿರುವಾಗ ಆತನಿಗೆ ಹುಡುಕದೇ ಇದ್ದ ಇನ್ನೊಂದು ಸತ್ಯ ಸಿಕ್ಕಿತು. ಬೆಕ್ಕು ಸಿಟ್ಟಾದರೆ, ಹೆದರಿದರೆ, ಜಠರದ ಅಲೆಗಳು ಥಟ್ಟನೆ ನಿಲ್ಲುತ್ತಿದ್ದವು. ಅದು ಶಾಂತವಾದರೆ ಮತ್ತೆ ಮೊದಲಾಗುತ್ತಿದ್ದವು. ಚರಕನ ಸದಾರೋಗಿಗಳ ಪಟ್ಟಿಗೆ ಹಾರ್ವರ್ಡಿನ ಬೆಕ್ಕು ಸಾಕ್ಷಿ ಹೇಳಿದಂತಾಯಿತು.

ಈಗ ಮುದ್ದೇಬಿಹಾಳದ ಕೂಸಿನ ಕಡೆಗೆ ಬರುತ್ತೇನೆ.

ಹುಟ್ಟಿದ ಮಕ್ಕಳು ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಮೊದಲ ಕಪ್ಪು ಮಲವನ್ನು ವಿಸರ್ಜಿಸುತ್ತವೆ. ನಮ್ಮ ಕೂಸು ಹಾಗೆ ಮಾಡಲಿಲ್ಲ. 'ಹೊರಗಾಗತದ, ತಡೀರಿ' ಎಂದವರು ಕೆಲವರು. ಬಜೆ ತೇಯ್ದು ನೆಕ್ಕಿಸಿರಿ ಎಂದವರು ಕೆಲವರು. ನಮ್ಮ ತಂದೆ ಮಾತ್ರ ಕೂಸಿನ ಹೊಟ್ಟೆಯ ಮೇಲೆ ಬೆರಳಾಡಿಸಿ, "ಹುಟ್ಟಿದ ಕರಾ ಹೊರಗ ಹೋಗಲಿಲ್ಲಂದ್ರ ನಾವು ಒಂದ ದಿನಾ ಸುದ್ದ ಕಾಯೂದಿಲ್ಲ. ಇದು ಮನಿಶ್ಯಾನ ಕೂಸು. ಏಳ್ರಿ, ಗಾಡಿ ತರಸ್ರಿ" ಎಂದರು. ಆ ರಾತ್ರಿಯೇ ನಗರದ ಆಸ್ಪತ್ರೆಗೆ ಹೋದೆವು. ಅಲ್ಲಿಯ ವೈದ್ಯೆ ಕರುಳಿನ ಕೆಳತುದಿಯಿಂದ ಅಕ್ಕಿಕಾಳಿನಷ್ಟು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ಮೇಲೆ ನನ್ನನ್ನು ಕೂಡಿಸಿ ಹೇಳಿದರು: "ಸರ್, ಕರುಳು ಇದೆ, ಸ್ನಾಯು ಇದೆ. ಕೊನೆಯ ಅಷ್ಟು ಉದ್ದದಲ್ಲಿ ನರಕೋಶಗಳೇ ಇಲ್ಲ."

ಆವರ್‌ಬಾಖ್ ತೋರಿಸಿದ ಬಲೆ ಅಲ್ಲಿ ನೇಯ್ಗೆಯಾಗಿಯೇ ಇರಲಿಲ್ಲ. ಈ ರೋಗಕ್ಕೆ ಹಿರ್ಷ್‌ಸ್ಪ್ರುಂಗ್ ರೋಗವೆಂದು ಹೆಸರು. ಸುಮಾರು ೫,೦೦೦ ಜನನಗಳಿಗೆ ಒಂದರಂತೆ ಕಾಣಿಸುತ್ತದೆ. ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹಿರ್ಷ್‌ಸ್ಪ್ರುಂಗ್ ೧೮೮೬ರಲ್ಲಿ ಬರ್ಲಿನ್ನಿನ ಸಭೆಯೊಂದರಲ್ಲಿ ಇಂಥ ಎರಡು ಕೂಸುಗಳ ವೃತ್ತಾಂತವನ್ನು ಹೇಳಿದನು. ಎರಡೂ ಉಳಿದಿರಲಿಲ್ಲ. ಅವುಗಳ ದೊಡ್ಡ ಕರುಳು ಭಯಂಕರವಾಗಿ ಹಿಗ್ಗಿತ್ತು.

ಹಿಗ್ಗಿದ ಭಾಗವೇ ರೋಗದ ಮೂಲವೆಂದು ಯಾರಿಗಾದರೂ ಅನ್ನಿಸಬೇಕಾದದ್ದೇ. ಆರು ದಶಕಗಳ ಕಾಲ ವೈದ್ಯಲೋಕ ಬಹುಮಟ್ಟಿಗೆ ಹಾಗೆಯೇ ತಿಳಿಯಿತು. ಹಿಗ್ಗಿದ್ದನ್ನು ಕೊಯ್ದು ತೆಗೆದರೂ ಮಕ್ಕಳಿಗೆ ಬೇನೆ ಮರುಕಳಿಸುತ್ತಿತ್ತು. ಕೆರೆ ಉಕ್ಕಿದರೆ ದೋಷ ಕೆರೆಯದೋ ತೂಬಿನದೋ? ಹಿಗ್ಗಿದ ಭಾಗ ಆರೋಗ್ಯವಾಗಿಯೇ ಇತ್ತು. ಎದುರಿಗೆ ದಾರಿ ಕಟ್ಟಿದ್ದರಿಂದ ತಳ್ಳಿ ತಳ್ಳಿ ದಣಿದಿತ್ತು. ರೋಗವಿದ್ದದ್ದು ಅದರ ಕೆಳಗೆ, ನೋಡಲು ಸಣ್ಣದಾಗಿ ನೆಟ್ಟಗಿದ್ದ, ನರವಿಲ್ಲದ ತುದಿಯಲ್ಲಿ. ಅಮೆರಿಕದ ಬಾಸ್ಟನ್ನಿನಲ್ಲಿ ಆರ್ವರ್ ಸ್ವೆನ್ಸನ್ ಎಂಬ ಶಸ್ತ್ರವೈದ್ಯ ಇದನ್ನು ಮನಗಂಡು, ಆ ತುದಿಯನ್ನು ತೆಗೆದು ಮೇಲಿನ ಒಳ್ಳೆಯ ಕರುಳನ್ನು ಕೆಳಗೆಳೆದು ಜೋಡಿಸುವ ಶಸ್ತ್ರಕ್ರಿಯೆಯನ್ನು ರೂಪಿಸಿದನು. ಮಲವನ್ನು ತಡೆದು ಬಿಡುವ ಶಕ್ತಿ ಕೆಡಬಾರದು. ಅದು ಕೆಟ್ಟರೆ ಮಗು ಬದುಕಿಯೂ ಜೀವನವಿಡೀ ಸಂಕಟಪಡಬೇಕು. ಅದಕ್ಕಾಗಿ ಕೈಯನ್ನು ಮೊದಲು ನಾಯಿಗಳ ಮೇಲೆ ಪಳಗಿಸಿದನು. ೧೯೪೮ರಲ್ಲಿ ಆತನೂ ಸಂಗಡಿಗನೂ ಈ ವಿಧಾನವನ್ನು ಪ್ರಕಟಿಸಿದರು. ನನ್ನ ಅಳಿಯನಿಗೆ ಆದ ಶಸ್ತ್ರಕ್ರಿಯೆ ಆ ವಿಧಾನದ ಸಂತತಿಗೆ ಸೇರಿದ್ದು.

ಆಸ್ಪತ್ರೆಯ ಪಡಸಾಲೆಯಲ್ಲಿ ಕಾದು ಕುಳಿತಿದ್ದಾಗ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ನರವೇಕೆ ಇಲ್ಲ? ತಂಗಿ ತನ್ನನ್ನೇ ದೂರಿಕೊಳ್ಳುತ್ತಿದ್ದಳು; ಗ್ರಹಣದಲ್ಲಿ ಹೊರಗೆ ಬಂದೆನೇನೋ, ಏನಾದರೂ ತಿನ್ನಬಾರದ್ದನ್ನು ತಿಂದೆನೇನೋ ಎಂದು. ಊಟದ ಗಾದೆ ಅವಳ ಬೆನ್ನು ಹತ್ತಿತ್ತು. ಆ ದೂರಿಗೆ ಉತ್ತರ ಕೊಟ್ಟದ್ದು ಮಚ್ಚೆಯ ಇಲಿಗಳು.

ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಇಲಿಗಳ ತಳಿಗಳನ್ನು ಸಾಕುತ್ತಾರೆ. ಅವುಗಳಲ್ಲಿ ಮೈಮೇಲೆ ಬಿಳಿ ಮಚ್ಚೆಗಳು ಕಾಣಿಸಿಕೊಂಡ ಎರಡು ತಳಿಗಳಿದ್ದವು. ಮರಿಗಳು ಚೆನ್ನಾಗಿಯೇ ಹುಟ್ಟಿ, ಕೆಲವು ವಾರಗಳಲ್ಲಿ ಹೊಟ್ಟೆಯುಬ್ಬಿ ಸಾಯುತ್ತಿದ್ದವು. ೧೯೬೬ರಲ್ಲಿ ಪ್ರಿಸಿಲ್ಲಾ ಲೇನ್ ಎಂಬಾಕೆ ಮಚ್ಚೆಗೂ ಉಬ್ಬರಕ್ಕೂ ಸಂಬಂಧವಿದೆಯೆಂದು ಬರೆದಳು. ಮಚ್ಚೆ ತಂದ ದೋಷವೇ ಕರುಳಿನ ತುದಿಯ ನರಗಳನ್ನೂ ಇಲ್ಲವಾಗಿಸಿತ್ತು.

ಇದು ಅಮೆರಿಕದ ಇಲಿಯ ಕಥೆಯಾಗಿಯೇ ಉಳಿಯಬಹುದಿತ್ತು. ಆದರೆ ೧೯೮೧ರಲ್ಲಿ ನಮ್ಮದೇ ಮುಂಬಯಿಯಿಂದ ಒಂದು ಲೇಖನ ಹೊರಟಿತು. ವಿಜಾಪುರ ಜಿಲ್ಲೆ ೧೯೫೬ರವರೆಗೆ ಮುಂಬಯಿ ಪ್ರಾಂತದಲ್ಲಿಯೇ ಇದ್ದದ್ದು. ಇಂಡಿ, ಸಿಂದಗಿಯ ಜನಕ್ಕೆ ಮುಂಬಯಿ ಎಂದರೆ ದುಡಿಮೆಯ ಊರು. ಆ ಊರಿನ ಮಕ್ಕಳ ವೈದ್ಯರಾದ ಶಾಹ ಮತ್ತು ಅವರ ಸಂಗಡಿಗರು ಐದು ಕುಟುಂಬಗಳ ಹನ್ನೆರಡು ಕೂಸುಗಳನ್ನು ವರ್ಣಿಸಿದ್ದರು. ಕೂಸುಗಳ ಹಣೆಯ ಮೇಲಿನ ಕೂದಲು ಬೆಳ್ಳಗಿತ್ತು. ಕಣ್ಣಿನ ಪಾಪೆಯ ಸುತ್ತಲಿನ ಬಣ್ಣವೂ ಬೇರೆಯಾಗಿತ್ತು. ಕರುಳಿನ ಬಹುಭಾಗದಲ್ಲಿ ನರಗಳಿರಲಿಲ್ಲ. ಬಣ್ಣ ತಪ್ಪಿದಲ್ಲಿ ನಡಿಗೆಯೂ ತಪ್ಪಿತ್ತು, ಆ ಮಚ್ಚೆಯ ಇಲಿಗಳಂತೆಯೇ. ಇಂದು ಜಗತ್ತಿನ ವೈದ್ಯಗ್ರಂಥಗಳಲ್ಲಿ ಈ ಕಾಯಿಲೆಗೆ ವಾರ್ಡನ್‌ಬರ್ಗ್‌ರ ಹೆಸರಿನ ಜೊತೆಗೆ ಶಾಹರ ಹೆಸರೂ ಸೇರಿದೆ.

ಚರ್ಮದ ಬಣ್ಣಕ್ಕೂ ಕರುಳಿನ ನರಕ್ಕೂ ಎಲ್ಲಿಯ ನಂಟು? ಬಸುರಿನಲ್ಲಿ ಪಿಂಡ ಬೆಳೆಯುವಾಗ ಬೆನ್ನಿನ ಗೆರೆಯಲ್ಲಿ ಕೆಲವು ಜೀವಕೋಶಗಳು ಹುಟ್ಟಿ ಅಲ್ಲಿಂದ ವಲಸೆ ಹೊರಡುತ್ತವೆ. ಒಂದು ತಂಡ ಚರ್ಮಕ್ಕೆ ಹೋಗಿ ಬಣ್ಣ ಕೊಡುತ್ತದೆ. ಇನ್ನೊಂದು ತಂಡ ಕರುಳಿಗಿಳಿದು, ಬಾಯಿಯ ಕಡೆಯಿಂದ ಗುದದ ಕಡೆಗೆ ನಡೆಯುತ್ತ ದಾರಿಯುದ್ದಕ್ಕೂ ನರದ ಬಲೆಯನ್ನು ನೇಯುತ್ತದೆ. ಬರಗಾಲದಲ್ಲಿ ಗುಳೆ ಹೊರಟವರನ್ನು ನಮ್ಮ ಸೀಮೆಯಲ್ಲಿ ನೋಡದವರಿಲ್ಲ. ದಾರಿಯಲ್ಲಿ ಕೆಲವರು ನಿಂತುಬಿಟ್ಟರೆ ಕೊನೆಯ ಊರನ್ನು ಯಾರೂ ಮುಟ್ಟುವುದಿಲ್ಲ. ಕರುಳಿನ ಕೊನೆಯ ತುದಿಯೇ ನರವಿಲ್ಲದೆ ಉಳಿಯುವುದು ಇದೇ ಕಾರಣದಿಂದ. ೧೯೯೪ರಲ್ಲಿ ಈ ವಲಸೆಗಾರರಿಗೆ ಬೇಕಾದ ಎಂಡೋಥೆಲಿನ್ ಎಂಬ ರಾಸಾಯನಿಕ ಸಂದೇಶದ ಜೀನುಗಳು ಮಚ್ಚೆಯ ಇಲಿಗಳಲ್ಲಿ ಕೆಟ್ಟಿರುವುದು ಗೊತ್ತಾಯಿತು. ಅದೇ ವರ್ಷ ಭಾರತೀಯ ಮೂಲದ ಅರವಿಂದ ಚಕ್ರವರ್ತಿ ಮತ್ತು ಸಂಗಡಿಗರು ಅಮೆರಿಕದ ಮೆನೊನೈಟ್ ಸಮುದಾಯದ ಕುಟುಂಬಗಳಲ್ಲಿ, ಅದೇ ಸಂದೇಶವನ್ನು ಸ್ವೀಕರಿಸುವ ಜೀನಿನಲ್ಲಿ, ಅದೇ ಬಗೆಯ ದೋಷವನ್ನು ತೋರಿಸಿಕೊಟ್ಟರು. ೧೯೯೮ರಲ್ಲಿ ಕುದುರೆಯ ಸರದಿ ಬಂದಿತು. ಮಚ್ಚೆಯ ಕುದುರೆಗಳ ಒಂದು ತಳಿಯಲ್ಲಿ ಆಗಾಗ ಅಚ್ಚ ಬಿಳಿಯ ಮರಿ ಹುಟ್ಟಿ, ಹೊಟ್ಟೆನೋವಿನಿಂದ ಹೊರಳಾಡಿ ಕೆಲವೇ ದಿನಗಳಲ್ಲಿ ಸಾಯುತ್ತಿತ್ತು. ಅಲ್ಲಿಯೂ ಅದೇ ಜೀನು.

ನಮ್ಮ ದನದ ಸಂತೆಗಳಲ್ಲಿ ಸುಳಿ, ಮಚ್ಚೆ ನೋಡಿ ಶುಭಾಶುಭ ಹೇಳುವವರು ಈ ಸುದ್ದಿ ಕೇಳಿ ಹಿಗ್ಗಬಾರದು. ಎತ್ತಿನ ಹಣೆಯ ಸುಳಿಗೂ ಯಜಮಾನನ ಆಯುಷ್ಯಕ್ಕೂ ಯಾವ ನಂಟೂ ಇಲ್ಲ. ಬಹುಪಾಲು ಮಚ್ಚೆಯ ಪ್ರಾಣಿಗಳು ಆರೋಗ್ಯವಾಗಿಯೇ ಇರುತ್ತವೆ. ಈ ರೋಗದ ಬಹುಪಾಲು ಮಕ್ಕಳಿಗೆ ಬಿಳಿಕೂದಲೂ ಇರುವುದಿಲ್ಲ. ನನ್ನ ಅಳಿಯನಿಗೂ ಇರಲಿಲ್ಲ. ಜೀನುಗಳೂ ಒಂದೇ ಅಲ್ಲ, ಹಲವುಂಟು. ಆದರೆ ವೈದ್ಯೆ ಇದನ್ನೆಲ್ಲ ಸರಳವಾಗಿ ವಿವರಿಸಿ, "ಕರುಳಿನ ಈ ಕೆಲಸ ಬಸುರಿನ ಮೊದಲ ಕೆಲವು ವಾರಗಳಲ್ಲೇ ಆಗಿಹೋಗಿರುತ್ತದಮ್ಮ, ಇದು ನೀವು ತಿಂದದ್ದರಿಂದ ಆದದ್ದಲ್ಲ" ಎಂದಾಗ ನನ್ನ ತಂಗಿ ಮೊದಲ ಸಲ ಸಮಾಧಾನದ ಉಸಿರು ಬಿಟ್ಟಳು. ಕತ್ತರಿಯಿಂದ ಮಗು ಉಳಿಯಿತು. ಇಲಿಯಿಂದ ತಾಯಿ ಉಳಿದಳು ಎಂದೇ ನಾನು ಹೇಳುತ್ತೇನೆ.

ಹಾಗೆಂದು ಇಲಿಯೆಂದರೆ ಪುಟ್ಟ ಮನುಷ್ಯ ಎಂದು ತಿಳಿದರೆ ಕೆಟ್ಟೆವು. ಒಂದು ಉದಾಹರಣೆ ಕೊಡುತ್ತೇನೆ. ಹಸಿದ ಹೊಟ್ಟೆ ಸುಮ್ಮನಿರುವುದಿಲ್ಲ. ಸುಮಾರು ಒಂದೂವರೆ ಗಂಟೆಗೊಮ್ಮೆ ಬಲವಾದ ಅಲೆಯೊಂದು ಮೇಲಿನಿಂದ ಕೆಳಗಿನವರೆಗೆ ಸಾಗಿ, ಹಬ್ಬದ ಮುಂಜಾನೆ ಅಂಗಳ ಗುಡಿಸಿದಂತೆ, ಉಳಿದದ್ದನ್ನು ಗುಡಿಸಿಕೊಂಡು ಹೋಗುತ್ತದೆ. ಇದು ಸ್ಪಷ್ಟವಾಗಿ ಗೊತ್ತಾದದ್ದು ೧೯೬೯ರಲ್ಲಿ, ನಾಯಿಗಳಲ್ಲಿ. ೧೯೭೭ರಲ್ಲಿ ಬೆಲ್ಜಿಯಮ್ಮಿನ ವೈದ್ಯರು ಮನುಷ್ಯರಲ್ಲಿ ಇದನ್ನು ವಿವರವಾಗಿ ಕಂಡರು. ಈ ಅಲೆಗೆ ಚಾಲನೆ ಕೊಡುವ ಮೋಟಿಲಿನ್ ಎಂಬ ರಸದೂತ ನಾಯಿಯಲ್ಲುಂಟು, ಮನುಷ್ಯನಲ್ಲುಂಟು. ಪ್ರಯೋಗಾಲಯದ ಇಲಿಗಳಲ್ಲಿ ಅದೇ ಇಲ್ಲ! ಎರಿತ್ರೋಮೈಸಿನ್ ಎಂಬ ಹಳೆಯ ಔಷಧ ಮೋಟ��ಲಿನ್ನಿನಂತೆ ವರ್ತಿಸಿ, ಸಕ್ಕರೆಕಾಯಿಲೆಯಿಂದ ಜಠರ ಜಡವಾದವರಿಗೆ ನೆರವಾಗುತ್ತದೆ. ಇಲಿಯೊಂದನ್ನೇ ನೆಚ್ಚಿ ಕುಳಿತಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಮತ್ತೊಂದು: ಇಲಿಗೆ ವಾಂತಿಯೇ ಬರುವುದಿಲ್ಲ. ಹಾಗಾದರೆ ವಾಂತಿಯನ್ನು ಯಾರಲ್ಲಿ ಅಭ್ಯಾಸ ಮಾಡಬೇಕು? ಈ ಪ್ರಶ್ನೆಗೆ ಒಂದು ಉತ್ತರ ನಮ್ಮ ಅಡಿಗೆಮನೆಯ ಮೂಲೆಯಲ್ಲೇ ಇತ್ತು. ರಾತ್ರಿ ಗೋಡೆಯಂಚಿನಲ್ಲಿ ಚಿಕ್‌ಚಿಕ್ ಎನ್ನುತ್ತ ಓಡುವ, ದುರ್ನಾತದ, ಉದ್ದಮೂತಿಯ ಸೊಂಡಿಲಿ! ಹೆಸರಿನಲ್ಲಿ ಇಲಿಯಿದ್ದರೂ ಅದು ಇಲಿಯ ಕುಲದ್ದಲ್ಲ. ಅದಕ್ಕೆ ವಾಂತಿಯಾಗುತ್ತದೆಂದು ೧೯೮೭ರಲ್ಲಿ ಜಪಾನಿನ ವಿಜ್ಞಾನಿಗಳು ಲೋಕಕ್ಕೆ ತಿಳಿಸಿದರು. ಮುಂದೆ ಅಲ್ಲಿಯವರೇ ಅದರಲ್ಲಿ ಮೋಟಿಲಿನ್ ಇರುವುದನ್ನೂ ಕಂಡರು. ನಾವು ಪೊರಕೆ ಹಿಡಿದು ಓಡಿಸುವ ಜೀವಿ ಅವರಲ್ಲಿ ಗೌರವದಿಂದ ಪಂಜರದೊಳಗಿದೆ.

ಮಾದರಿಯನ್ನು ಅತಿಯಾಗಿ ನಂಬಿದ್ದಕ್ಕೆ ಬೆಲೆ ತೆತ್ತದ್ದೂ ಉಂಟು. ಸಿಸಾಪ್ರೈಡ್ ಎಂಬ ಔಷಧ ಪ್ರಾಣಿಗಳ ಕರುಳನ್ನು ಚೆನ್ನಾಗಿ ನಡೆಸುತ್ತಿತ್ತು. ಮನುಷ್ಯರ ಕರುಳನ್ನೂ ನಡೆಸಿತು. ೧೯೯೩ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಆದರೆ ಕೆಲವರ ಹೃದಯದ ಬಡಿತವನ್ನು ಅದು ಪ್ರಾಣಾಂತಿಕವಾಗಿ ಕೆಡಿಸಿತು. ೨೦೦೦ದಲ್ಲಿ ಅಲ್ಲಿಯ ಪೇಟೆಯಿಂದ ಅದನ್ನು ಹಿಂತೆಗೆದುಕೊಂಡರು. ಕರುಳಿನ ತುಣುಕನ್ನು ಕೇಳಿದರೆ ಅದು ಕರುಳಿನ ಸಾಕ್ಷಿಯನ್ನಷ್ಟೇ ಹೇಳುತ್ತದೆ. ಹೃದಯದ ಸಾಕ್ಷಿಯನ್ನು ಹೇಳುವುದಿಲ್ಲ. ಅಜ್ಜನ ಎತ್ತಿನ ಹೊಟ್ಟೆಗೆ ನಾಲ್ಕು ಕೋಣೆ, ನನ್ನ ಹೊಟ್ಟೆಗೆ ಒಂದೇ. ಎಲ್ಲಿಯವರೆಗೆ ಹೋಲಿಕೆ, ಎಲ್ಲಿಂದ ಮುಂದೆ ಬೇರೆ ಎಂಬ ವಿವೇಕವಿಲ್ಲದೆ ಪಶುವಿನಿಂದ ಪಾಠ ಕಲಿಯುವಂತಿಲ್ಲ.

ಕೊನೆಯದಾಗಿ ಋಣದ ಮಾತು. ಬೇಲಿಸ್ ಸ್ಟಾರ್ಲಿಂಗರ ನಾಯಿಗಳಿಗೆ, ಸ್ವೆನ್ಸನ್ನನ ನಾಯಿಗಳಿಗೆ ಯಾರೂ ಒಪ್ಪಿಗೆ ಕೇಳಲಿಲ್ಲ. ಅವು ಹೇಳುವಂತೆಯೂ ಇರಲಿಲ್ಲ. ಒಂದು ಕಡೆ ಆ ನಾಯಿಗಳು, ಇನ್ನೊಂದು ಕಡೆ ನನ್ನ ತಂಗಿಯ ಮಗ. ಈ ತಕ್ಕಡಿಯನ್ನು ನಾನು ಹಿಡಿದರೆ ನನ್ನ ಕೈ ನೆಟ್ಟಗಿರುವುದಿಲ್ಲ. ಅದನ್ನು ಮುಚ್ಚಿಡುವುದೂ ಇಲ್ಲ. ಪ್ರಯೋಗ ಬೇಡವೇ ಬೇಡ ಎಂದು ಹೇಳಲು ಆ ಕೂಸಿನ ಮಾಮನಾದ ನನಗೆ ಬಾಯಿಲ್ಲ. ಹೇಗೆ ಬೇಕಾದರೂ ಮಾಡಲಿ ಎನ್ನಲು ಅಜ್ಜನ ಮೊಮ್ಮಗನಾದ ನನಗೆ ಮನಸ್ಸಿಲ್ಲ. ಈ ಇಕ್ಕಟ್ಟಿನಲ್ಲಿ ನಡುವಿನ ದಾರಿಯೊಂದನ್ನು ಹಲವರು ಕಡಿದಿದ್ದಾರೆ. ೧೯೫೯ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲೆಂಡಿನ ಇಬ್ಬರು, ಸಾಧ್ಯವಿದ್ದಲ್ಲಿ ಪ್ರಾಣಿಯ ಬದಲು ಬೇರೆ ಸಾಧನ ಬಳಸಬೇಕು, ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸಬೇಕು, ನೋವನ್ನು ಕಡಿಮೆ ಮಾಡಬೇಕು ಎಂಬ ಮೂರು ನಿಯಮಗಳನ್ನು ಹೇಳಿದರು. ನಮ್ಮ ದೇಶದಲ್ಲಿ ರಾಜ್ಯಸಭೆಯ ಸದಸ್ಯೆಯಾಗಿದ್ದ ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲರ ಪ್ರಯತ್ನದಿಂದ ಪ್ರಾಣಿಹಿಂಸೆಯ ತಡೆಗೆ ೧೯೬೦ರಲ್ಲಿ ಕಾಯಿದೆ ಬಂದಿತು. ಅದರ ಒಂದು ಅಧ್ಯಾಯವೇ ಪ್ರಯೋಗಗಳಿಗೆ ಮೀಸಲು. ೨೦೧೭ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯನ ಮೂಲಕೋಶಗಳಿಂದಲೇ ನರಸಹಿತವಾದ ಕರುಳಿನ ತುಣುಕನ್ನು ಬೆಳೆಸಿದರು. ಮುಂದೊಂದು ದಿನ ನಾಯಿ, ಇಲಿಗಳ ಭಾರವನ್ನು ಅದು ಇಳಿಸೀತು. ಆದರೆ ಆ ತುಣುಕನ್ನು ಬಲಿಸಲು ಸಹ ಅವರು ಇಲಿಯ ಮೈಯನ್ನೇ ಆಶ್ರಯಿಸಬೇಕಾಯಿತು. ಋಣ ಇನ್ನೂ ಹರಿದಿಲ್ಲ.

ನನ್ನ ಅಳಿಯನಿಗೆ ಈಗ ಒಂಬತ್ತು ವರ್ಷ. ಹೊಟ್ಟೆಯ ಮೇಲೆ ಸಣ್ಣ ಗೆರೆಯೊಂದಿದೆ. ಅದರ ಕಥೆ ಅವನಿಗೆ ಪೂರ್ತಿ ಗೊತ್ತಿಲ್ಲ. ಹೋದ ವರ್ಷ ಎಲ್ಲರೂ ಕೂಡಿ ಬಸವನ ಬಾಗೇವಾಡಿಗೆ ಹರಕೆ ತೀರಿಸಲು ಹೋದೆವು. ಬಸವಣ್ಣ ಹುಟ್ಟಿದ ಊರು. ಹೆಸರಿನಲ್ಲಿಯೇ ಎತ್ತನ್ನು ಹೊತ್ತ ಊರು. ನಂದಿಯ ಮುಂದೆ ನಮ್ಮ ತಂದೆ ಹುಡುಗನ ತಲೆಯನ್ನು ಹಿಡಿದು ಬಗ್ಗಿಸಿದರು. ನಾನು ಮನಸ್ಸಿನಲ್ಲಿಯೇ ಹೆಸರಿಲ್ಲದ ಕೆಲವು ನಾಯಿಗಳನ್ನೂ ಮಚ್ಚೆಯ ಕೆಲವು ಇಲಿಗಳನ್ನೂ ಆ ನಮಸ್ಕಾರದಲ್ಲಿ ಸೇರಿಸಿದೆ.

ಆಮೇಲೆ ಮಣ್ಣೆತ್ತಿನ ಅಮಾವಾಸ್ಯೆ ಬಂದಿತು. ಹುಡುಗ ಎರೆಮಣ್ಣು ಕಲಸಿ ಜೋಡೆತ್ತು ಮಾಡಿದ. ಕೋಡು ಸಣ್ಣವು, ಕಾಲು ಸೊಟ್ಟ. ಹೊಟ್ಟೆ ಮಾತ್ರ ಬಲು ದೊಡ್ಡದು. "ಇಷ್ಟು ದೊಡ್ಡ ಹೊಟ್ಟಿ ಯಾಕೋ?" ಎಂದು ಕೇಳಿದೆ. "ಮತ್ತ ಅದಕ್ಕ ಹಸಿವಾಗೂದಿಲ್ಲೇನ್ ಮಾಮಾ?" ಎಂದು ನನ್ನನ್ನೇ ಕೇಳಿ, ಎತ್ತಿನ ಮುಂದೆ ನಾಲ್ಕು ಜೋಳದ ಕಾಳು ಇಟ್ಟ. ಆಮೇಲೆ ತಾನೂ ಹೋಳಿಗೆ ತಿನ್ನಲು ಒಳಗೆ ಓಡಿದ.